ನಾನು ಬರೆಯದೆ ಓದಿದ ಸಾಲುಗಳು

ದೆವ್ವ, ಭೂತ, ಮೈಮೇಲೆ ಬರುವುದು ಇಂಥವನ್ನೆಲ್ಲ ನಾನು ಒಂದು ದಿನವೂ ನಂಬಿದವಳಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಹುಣಸೆಮರದಲ್ಲಿ ಬಿಳಿ ಸೀರೆ ಕಂಡೆ ಎಂದು ನಡುಗುತ್ತ ಬಂದ ಹುಡುಗಿಯೊಬ್ಬಳನ್ನು ಕೈಹಿಡಿದು ಅದೇ ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಕೊಂಬೆಗೆ ಸಿಕ್ಕಿಕೊಂಡಿದ್ದ ಗೊಬ್ಬರದ ಚೀಲ ತೋರಿಸಿ ನಗಿಸಿದ್ದೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕು ಎಂದು ನಾನು ಕೇಳುವುದಿಲ್ಲ. ಆದರೆ ಇದು ಕತ್ತಲೆಯಲ್ಲಿ ಒಬ್ಬಳೇ ಕಂಡದ್ದಲ್ಲ; ಹಗಲು ಹನ್ನೊಂದು ಗಂಟೆಗೆ, ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ ನಡೆದದ್ದು.

ನಾಲ್ಕು ವರ್ಷದ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕರ್ನಲ್ ನಂಜೇಗೌಡರಿಗೆ ಸನ್ಮಾನ ಇಟ್ಟುಕೊಂಡರು. ಕರ್ನಲ್ಲರೂ ನಮ್ಮ ಶಾಲೆಯಲ್ಲೇ ಓದಿದವರು, ಕಿರಂಗೂರಿನ ಬೇಸಾಯಗಾರರ ಮಗ. ಜೀವಮಾನವೆಲ್ಲ ಸೇನೆಯಲ್ಲಿ ಕಳೆದು, ನಿವೃತ್ತರಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಕೊಂಡಿದ್ದರು. ಅವರಿಗೆ ಬಂದ ಎರಡು ಪದಕಗಳೆಂದರೆ ನಮ್ಮ ಕಡೆ ಎಲ್ಲರಿಗೂ ಹೆಮ್ಮೆ. ಒಂದು, ಎಪ್ಪತ್ತೊಂದರ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದಾಗ ತೋರಿದ ಶೌರ್ಯಕ್ಕೆ ಬಂದ ಸೇನಾ ಪದಕ. ಇನ್ನೊಂದು, ಮುಂದೆ ಸೇನೆಯ ಕಚೇರಿಯಲ್ಲಿ ಮಾಡಿದ ಕೆಲಸಕ್ಕೆ ಬಂದ ವಿಶಿಷ್ಟ ಸೇವಾ ಪದಕ. ಪದಕಗಳ ಜೊತೆ ಕೊಟ್ಟಿದ್ದ ಪ್ರಶಂಸಾಪತ್ರಗಳು ಇಂಗ್ಲಿಷಿನಲ್ಲಿದ್ದವು. ಅವನ್ನು ಕನ್ನಡಕ್ಕೆ ತಂದು ಸಭೆಯಲ್ಲಿ ಓದುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಭಾನುವಾರ ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ಪದಕದ ಪೆಟ್ಟಿಗೆ ತೆರೆದರು. ನಾನು ಕಾದದ್ದು ಯುದ್ಧದ ಕತೆಗೆ. ಅವರು ಮೊದಲು ಕೈಗೆತ್ತಿಕೊಂಡದ್ದು ಕಚೇರಿಯ ಪದಕವನ್ನು.

“ಇದು ಮೇಜಿನ ಮುಂದೆ ಕೂತು ಸಂಪಾದ್ಸಿದ್ದು ಟೀಚರಮ್ಮ,” ಎಂದರು ಖುಷಿಯಿಂದ. “ಒಂದು ಚಳಿಗಾಲ ಪೂರ್ತಿ ಹಿಮದ ಮ್ಯಾಲಿನ ಠಾಣೆಗಳ್ಗೆ ಹೇಸರಗತ್ತೆ ಮೇಲೆ ಸೀಮೆಎಣ್ಣೆ, ಅಕ್ಕಿ ತಪ್ಪದಂಗೆ ಕಳಿಸ್ದೆ. ಒಬ್ಬನೂ ಚಳೀಗೆ ಸಾಯ್ಲಿಲ್ಲ.”

ಕೆಂಪು ಪಟ್ಟಿಯ ನಡುವೆ ಬಿಳಿ ಗೆರೆ ಇದ್ದ ಇನ್ನೊಂದು ಪದಕದ ಬಗ್ಗೆ ಕೇಳಿದೆ. ಅವರ ಮುಖ ಇದ್ದಕ್ಕಿದ್ದಂತೆ ಬಾಡಿತು. “ಅದ್ರಲ್ಲಿ ಏನ್ ಬರ್ದದೋ ಅಷ್ಟನ್ನೇ ಓದ್ಬುಡಿ. ನಾನ್ ಸೇರ್ಸಾದೇನೂ ಇಲ್ಲ,” ಎಂದು ಪೆಟ್ಟಿಗೆ ಮುಚ್ಚಿದರು. ವಯಸ್ಸಾದವರು, ದಣಿದಿರಬೇಕು ಎಂದುಕೊಂಡು ಎದ್ದು ಬಂದೆ.

ಶತ್ರುವಿನ ಬಂಕರಿನ ಮೇಲೆ ದಾಳಿ ನಡೆಸಿ, ಗುಂಡೇಟು ತಿಂದ ಮೇಲೂ ಕ್ಯಾಪ್ಟನ್ನರು ಗಾಯಗೊಂಡ ಇಬ್ಬರು ಸೈನಿಕರನ್ನು ಹೊತ್ತು ತಂದರು ಎಂಬುದು ಆ ಪ್ರಶಂಸಾಪತ್ರದ ಸಾರ. ಕಪ್ಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ, ಮೂರು ಹಾಳೆಗಳಲ್ಲಿ ಎರಡೂ ಪತ್ರಗಳನ್ನು ಬರೆದುಕೊಂಡೆ. ಮೈಕಿನ ಮುಂದೆ ತಡವರಿಸಬಾರದೆಂದು ಮನೆಯಲ್ಲಿ ಹತ್ತು ಸಲವಾದರೂ ಗಟ್ಟಿಯಾಗಿ ಓದಿದ್ದೆ. ನೋಡದೆ ಹೇಳುವಷ್ಟು ಬಾಯಿಗೆ ಬಂದಿತ್ತು.

ಸನ್ಮಾನದ ದಿನ ಶಾಮಿಯಾನ ಕಿಕ್ಕಿರಿದಿತ್ತು. ಕರ್ನಲ್ಲರು ಕೋಟಿನ ಮೇಲೆ ಎರಡೂ ಪದಕ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಕೆ.ಆರ್.ಪೇಟೆಯಲ್ಲಿ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಯೋಗೇಶ ಮುಂದಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ನಾನು ಓದಲು ಶುರುಮಾಡಿದೆ. “ತಮ್ಮ ಗಾಯವನ್ನೂ ಲೆಕ್ಕಿಸದೆ ಇಬ್ಬರು ಸೈನಿಕರನ್ನು ಹೊತ್ತು ತಂದರು” ಎಂಬಲ್ಲಿಗೆ ಬಂದೆ. ಅದರ ಕೆಳಗೆ ಇನ್ನೂ ಸಾಲುಗಳಿದ್ದವು. ನನ್ನದೇ ಅಕ್ಷರ, ಅದೇ ಕಪ್ಪು ಶಾಯಿ. ಇವನ್ನು ಯಾವಾಗ ಬರೆದೆ ಎಂಬ ಯೋಚನೆಯೂ ಬರಲಿಲ್ಲ. ಕಣ್ಣು ಕಂಡದ್ದನ್ನು ಬಾಯಿ ಓದುತ್ತಾ ಹೋಯಿತು:

“ಬಂಕರಿಗೆ ಮೊದಲು ನುಗ್ಗಿದವನು ಟೆಲಿಫೋನ್ ತಂತಿ ಎಳೆಯುವ ಸಿಪಾಯಿ, ನಾಗಮಂಗಲ ತಾಲ್ಲೂಕು ಹುಣಸೇಕೊಪ್ಪಲಿನ ಶಿವಲಿಂಗ. ಹಿಂದಕ್ಕೆ ಹೋಗೆಂದು ಕ್ಯಾಪ್ಟನ್ ಆಜ್ಞೆ ಮಾಡಿದ್ದರು. ಹೋದವನು ಅರ್ಧ ದಾರಿಯಿಂದ ತಿರುಗಿ ಬಂದ. ಗುಂಡು ತಗುಲಿದ ಕ್ಯಾಪ್ಟನ್ನರನ್ನು ಬಂಡೆಯ ಮರೆಗೆ ಎಳೆದು, ‘ನೀವ್ ಇಲ್ಲೇ ಇರಿ ಸಾ, ನಾನ್ ಓಯ್ತೀನಿ’ ಎಂದ. ಇಬ್ಬರನ್ನೂ ಹೊತ್ತು ತಂದವನು ಅವನೇ. ಎರಡನೆಯವನನ್ನು ಇಳಿಸುವಾಗ ಅವನ ಎದೆಗೆ ಶೆಲ್ಲಿನ ಚೂರು ಬಡಿಯಿತು. ಬಿದ್ದವನು, ‘ಚಿಣ್ಣಿಗೆ ಹೇಳಿ, ನಾನ್ ಓಡೋಗ್ನಿಲ್ಲ’ ಎಂದ.”

ತಲೆಯೆತ್ತಿ ನೋಡಿದರೆ ಕರ್ನಲ್ಲರು ಎದ್ದು ನಿಂತಿದ್ದಾರೆ! ಕೋಟಿನಿಂದ ಕೆಂಪು ಪಟ್ಟಿಯ ಪದಕ ಬಿಚ್ಚಿಕೊಂಡು ಮೈಕಿನ ಹತ್ತಿರ ಬಂದರು.

“ಟೀಚರಮ್ಮ ಓದಿದ್ದು ನಿಜ,” ಎಂದರು. ಅಷ್ಟೇ. ಜನ ಒಮ್ಮೆಗೇ ಎದ್ದು ಗಲಗಲ ಮಾತಾಡತೊಡಗಿದರು.

ವೇದಿಕೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಅವರು ನನ್ನನ್ನು ಕೇಳಿದರು: “ಯಾರ್ ಹೇಳಿದ್ರು ನಿಮ್ಗೆ?”

“ಯಾರೂ ಇಲ್ಲ ಸಾರ್, ಹಾಳೇಲೇ ಇದೆಯಲ್ಲ,” ಎಂದು ಹಾಳೆ ಚಾಚಿದೆ. ಅವರು ನೋಡಿದರು, ನಾನೂ ನೋಡಿದೆ. “ಹೊತ್ತು ತಂದರು” ಆದ ಮೇಲೆ ಪತ್ರದ ಕೊನೆಯ ವಾಕ್ಯ, ಅದರ ಕೆಳಗೆ ನನ್ನ ಎರಡು ಅಡ್ಡಗೆರೆ. ನಡುವೆ ಏನೂ ಇಲ್ಲ! ಮೂರು ಹಾಳೆಗಳನ್ನೂ ಹಿಂದೆ ಮುಂದೆ ತಿರುವಿದೆ, ಬೆಳಕಿಗೆ ಹಿಡಿದೆ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯೋಗೇಶ ಓಡಿ ಬಂದು, “ಮಿಸ್, ಎಲ್ಲಾ ರೆಕಾರ್ಡ್ ಆಗ್ಯದೆ ನೋಡಿ,” ಎಂದು ಮೊಬೈಲ್ ಹಿಡಿದ. ವಿಡಿಯೋದಲ್ಲಿ ನಾನು ಎಂದಿನಂತೆಯೇ ಇದ್ದೆ. ಕಣ್ಣು ಹಾಳೆಯ ಮೇಲೆ ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ದನಿ ನನ್ನದೇ.

ಕರ್ನಲ್ಲರು ಅಲ್ಲಿಯೇ ಎಲ್ಲ ಹೇಳಿದರು. ಬಂಡೆಯ ಮರೆಗೆ ಎಳೆದವನು ಶಿವಲಿಂಗ ಎಂದು ಅವರಿಗೆ ಗೊತ್ತಿತ್ತು. ‘ನಾನ್ ಓಯ್ತೀನಿ’ ಎಂದದ್ದನ್ನು ಕೇಳಿಸಿಕೊಂಡಿದ್ದರು. ಅದರ ಮೇಲೆ ಪ್ರಜ್ಞೆ ತಪ್ಪಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ, ಇಬ್ಬರನ್ನು ಉಳಿಸಿದವರು ಇವರೇ ಎಂದು ಮೇಲಧಿಕಾರಿಗಳಿಗೆ ಕಾಗದ ಹೋಗಿಯಾಗಿತ್ತು. ಉಳಿದ ಆ ಇಬ್ಬರಿಗೂ ತಮ್ಮನ್ನು ಕತ್ತಲೆಯಲ್ಲಿ ಹೊತ್ತವರು ಯಾರೆಂದು ಕಂಡಿರಲಿಲ್ಲ.

“ತಿದ್ಬೌದಿತ್ತು. ಇವತ್ತು ತಿದ್ತೀನಿ, ನಾಳೆ ತಿದ್ತೀನಿ ಅಂತಾನೇ ಮುದುಕ್ನಾದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೆ ಆ ಕೊನೆ ಮಾತು ನಾನ್ ಕೇಳೇ ಇಲ್ಲ. ಚಿಣ್ಣಿ ಅಂದ್ರೆ ಯಾರು?” ಎಂದರು.

ನನಗೇನು ಗೊತ್ತು? “ಈಗ್ಲೇ ಹೋಗಣ ನಡೀರಿ,” ಎಂದರು ಕರ್ನಲ್ಲರು.

ಊಟವನ್ನೂ ಮಾಡದೆ ಯೋಗೇಶನ ಕಾರಿನಲ್ಲಿ ಹೊರಟೆವು. ಜಕ್ಕನಹಳ್ಳಿ ದಾಟಿ ನಾಗಮಂಗಲದ ದಾರಿ ಹಿಡಿದೆವು. ಕರ್ನಲ್ಲರು ಪದಕವನ್ನು ಮುಷ್ಟಿಯಲ್ಲಿ ಹಿಡಿದು, ಹುಡುಗರ ಹಾಗೆ ಸೀಟಿನ ತುದಿಯಲ್ಲಿ ಕೂತಿದ್ದರು. “ಇನ್ನಾ ಎಷ್ಟು ದೂರ?” ಎಂದು ಎಷ್ಟು ಸಲ ಕೇಳಿದರೋ.

ದಾರಿ ತಪ್ಪಿ, ಕೇಳಿಕೊಂಡು, ಹೊತ್ತಿಳಿಯುವ ವೇಳೆಗೆ ಹುಣಸೇಕೊಪ್ಪಲು ಮುಟ್ಟಿದೆವು. ಅಲ್ಲಿಯ ಹಾಲಿನ ಡೈರಿಯ ಹತ್ತಿರ ಕಾರು ನಿಲ್ಲಿಸಿ, ಮಿಲಿಟರಿಯಲ್ಲಿದ್ದ ಶಿವಲಿಂಗನ ಮನೆ ಯಾವುದೆಂದು ಯೋಗೇಶ ವಿಚಾರಿಸಿದ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು, “ಯುದ್ಧದಲ್ ಎದರ್ಕೊಂಡು ಹಿಂದುಕ್ ಓಡ್ಬಂದು ಸತ್ನಲ್ಲ, ಅವ್ನಾ? ಅವ್ನ್ ತಂಗಿ ಜಯಮ್ಮ ಅವ್ಳೆ, ಅಗೋ ಆ ಮನೆ,” ಎಂದರು. ಕರ್ನಲ್ಲರು ಕಣ್ಣು ಮುಚ್ಚಿಕೊಂಡರು. ಹಿಂದಕ್ಕೆ ಹೋಗೆಂದ ಅವರ ಆಜ್ಞೆಯೇ ಯಾರದೋ ಬಾಯಿಂದ ಊರಿಗೆ ಹೀಗೆ ಬಂದು ಮುಟ್ಟಿತ್ತು.

ಎಪ್ಪತ್ತರ ಆಸುಪಾಸಿನ ಜಯಮ್ಮ ಜಗಲಿಯಲ್ಲಿ ಕೂತು ಹುಚ್ಚೆಳ್ಳು ಕೇರುತ್ತಿದ್ದರು. ನಾನು ಸುತ್ತುಬಳಸಲಿಲ್ಲ. “ಅಮ್ಮಾ, ಈ ಮನೇಲಿ ಚಿಣ್ಣಿ ಅಂತ ಯಾರಾದರೂ ಇದ್ದರಾ?” ಎಂದೆ.

ಮೊರ ನಿಂತಿತು. “ಆ ಎಸ್ರು ನಿಮ್ಗ್ ಯಾರವ್ವ ಯೋಳುದ್ರು? ನಮ್ಮಣ್ಣ ಒಬ್ನೇಯ ನನ್ನ ಅಂಗೆ ಕರೀತಿದ್ದುದ್ದು. ಅವ್ನ್ ಓದ್ಮೇಲೆ ಆ ಎಸ್ರ ನಾನೇ ಮರ್ತಿದ್ನಲ್ಲ!”

ಕರ್ನಲ್ಲರು ಅವರ ಎದುರು ನೆಲದ ಮೇಲೆಯೇ ಕೂತು, ಒಂದನ್ನೂ ಮುಚ್ಚಿಡದೆ ಹೇಳಿದರು. ಯೋಗೇಶ ವಿಡಿಯೋ ಹಾಕಿದ. ‘ನಾನ್ ಓಡೋಗ್ನಿಲ್ಲ’ ಎಂಬ ಮಾತು ಬಂದಾಗ ಜಯಮ್ಮ ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ಸೆರಗು ಬಿಗಿದು ಎದ್ದು, “ಇದುನ್ನ ಡೈರಿ ತಾವ್ ಆಕಪ್ಪ, ಜೋರಾಗ್ ಆಕು,” ಎಂದು ನಮಗಿಂತ ಮುಂದೆ ದಾಪುಗಾಲು ಹಾಕಿದರು.

ಸಂಜೆಯ ಹಾಲು ಹಾಕಲು ಅರ್ಧ ಊರು ಕ್ಯಾನು ಹಿಡಿದು ನಿಂತಿತ್ತು. ಯೋಗೇಶ ಕಾರಿನ ಸ್ಪೀಕರಿಗೆ ಮೊಬೈಲ್ ಜೋಡಿಸಿದ. ನನ್ನ ದನಿ ಆ ಊರ ಬೀದಿಯಲ್ಲಿ ಮೊಳಗಿತು. ಮುಗಿದ ಮೇಲೆ ಕರ್ನಲ್ಲರು, “ಅವನು ಓಡ್ಲಿಲ್ಲ ಕಣ್ರಪ್ಪ. ಅವನಿಗೆ ಸೇರ್ಬೇಕಾದ್ದನ್ನ ಇಷ್ಟು ವರ್ಷ ನಾನು ಎದೆ ಮೇಲೆ ಹಾಕ್ಕಂಡಿದ್ದೆ,” ಎಂದರು. ದಾರಿ ತೋರಿಸಿದ ಮುದುಕರು ಬಂದು ಜಯಮ್ಮನ ಮುಂದೆ ಕೈಮುಗಿದರು. “ಇನ್ನೊಂದ್ ಕಿತ ಆಕಪ್ಪ,” ಎಂದರು ಜಯಮ್ಮ. ನಾಲ್ಕು ಸಲ ಹಾಕಬೇಕಾಯಿತು.

ಕರ್ನಲ್ಲರು ಕೊಟ್ಟ ಪದಕವನ್ನು ಜಯಮ್ಮ ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು ನೋಡಿ, ಹಿಂದಕ್ಕೆ ಕೊಟ್ಟರು. “ಬಿಲ್ಲೆ ತಕ್ಕಂಡ್ ನಾನೇನ್ ಮಾಡ್ಲಿ ಸಾಯೇಬ್ರೆ. ಈ ಮಾತ್ ಬಂತಲ್ಲ, ಸಾಕು.” ಮಾರನೆಯ ವಾರವೇ ಕರ್ನಲ್ಲರು ನಡೆದದ್ದನ್ನೆಲ್ಲ ಸೇನೆಗೆ ಬರೆದು ಕಳಿಸಿದರು. ಉತ್ತರ ಇನ್ನೂ ಬಂದಿಲ್ಲ. ಕೋಟು ಹಾಕಿದಾಗ ಈಗ ಅವರು ತೊಡುವುದು ಕಚೇರಿಯ ಪದಕವೊಂದನ್ನೇ.

ನಾನು ಎಷ್ಟೋ ಬಗೆಯಲ್ಲಿ ಯೋಚಿಸಿದ್ದೇನೆ. ಕರ್ನಲ್ಲರ ಬಾಯಿಂದ ಎಂದೋ ಕೇಳಿ ಮರೆತಿದ್ದೆನೆ? ಅವರಿಗೇ ಗೊತ್ತಿಲ್ಲದ ಮಾತನ್ನು ಅವರು ಹೇಗೆ ಹೇಳಿಯಾರು? ಆ ಊರಿಗೆ ನಾನು ಅದಕ್ಕೆ ಮುಂಚೆ ಕಾಲಿಟ್ಟವಳಲ್ಲ. ಮೈಮೇಲೆ ಬಂತು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೇನೂ ಅನಿಸಲಿಲ್ಲ. ಬರೆದಿತ್ತು, ಓದಿದೆ. ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನಿಂದ ಆಗದು.

ಜಯಮ್ಮ ಮಾತ್ರ ನನ್ನನ್ನು ಬಿಟ್ಟಿಲ್ಲ. ತಿಂಗಳಿಗೊಮ್ಮೆಯಾದರೂ ಮೊಮ್ಮಗಳ ಫೋನಿನಿಂದ ಮಾತಾಡುತ್ತಾರೆ. ಮಳೆ, ರಾಗಿ, ಮಂಡಿನೋವು ಎಲ್ಲ ಆದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ:

“ಟೀಚರಮ್ಮಾ, ನಮ್ಮಣ್ಣ ಇನ್ನೇನಾರ ಯೋಳುದ್ನಾ?”