ಹೇಳದೆ ಹಾಕಿದ ಚಿಟಿಕೆ

ಸಂಡೂರಿನಲ್ಲಿ ರೇಣುಕಾದೇವಿ ಮತ್ತು ನಾನು ಒಂದೇ ಬಾಡಿಗೆ ಕೋಣೆಯಲ್ಲಿದ್ದೇವೆ. ನಾನು ಹಂಪಿಯ ಶಾಸನಗಳ ಮೇಲೆ ಸಂಶೋಧನೆ ಮಾಡುವವಳು, ಅವಳು ಕಿಣ್ವಗಳ ಮೇಲೆ. ನನ್ನ ಕಲ್ಲು ಇವತ್ತು ಹೇಳಿದ್ದನ್ನೇ ನಾಳೆಯೂ ಹೇಳುತ್ತದೆ, ನಿನ್ನ ಕಿಣ್ವಕ್ಕೆ ಆ ನಿಯತ್ತಿಲ್ಲ ಎಂದು ಚುಡಾಯಿಸುತ್ತಿದ್ದೆ. ಅವಳು ನಗುತ್ತಾ, ನಾನು ಕೊಟ್ಟ ಚಹಾವನ್ನು ನೋಡದೆಯೇ ಕುಡಿಯುತ್ತಿದ್ದಳು. ಒಮ್ಮೆ ಸಕ್ಕರೆಯ ಬದಲು ಉಪ್ಪು ಬಿದ್ದಿದ್ದರೂ ಅರ್ಧ ಲೋಟ ಖಾಲಿ ಮಾಡಿದ್ದಳು, ಅಂಥವಳು.

ಅವಳ ಊರು ಮರಿಯಮ್ಮನಹಳ್ಳಿ. ಅವ್ವ ದುರ್ಗಕ್ಕ ಕಂಡವರ ಹೊಲದಲ್ಲಿ ಸಜ್ಜೆ ಕೊಯ್ದು ಓದಿಸಿದವಳು. ಯಾರಾದರೂ "ಪಾಪ, ಎಷ್ಟು ಕಷ್ಟಪಟ್ಟು ಓದ್ಯಾಳ" ಎಂದರೆ ರೇಣುಕಾ ಮುಖ ತಿರುಗಿಸಿಬಿಡುತ್ತಾಳೆ. ಅವಳಿಗೆ ಆ 'ಪಾಪ' ಕಂಡರಾಗದು.

ಕಂಪ್ಲಿಯ ಒಂದು ಆಲೆಮನೆಯ ಹಿಂದೆ ಕೊಳೆತ ಕಬ್ಬಿನ ಸಿಪ್ಪೆಯ ಗುಡ್ಡೆಯಿಂದ ಅವಳು ಒಂದು ಸೂಕ್ಷ್ಮಜೀವಿಯನ್ನು ಹಿಡಿದು ತಂದಿದ್ದಳು. ಅದರ ಕಿಣ್ವ ಸಿಪ್ಪೆಯ ಮೆತ್ತನೆಯ ನಾರನ್ನು ಕಡಿದು ಸಕ್ಕರೆ ಮಾಡುತ್ತದೆ. ಅದೇ ಕಿಣ್ವ ಗಟ್ಟಿ ನಾರನ್ನೂ ಕಡಿಯುತ್ತದೆ, ಅದೂ ಯಾವ ಲೋಹದ ಸಹಾಯವಿಲ್ಲದೆ ಎಂಬುದೇ ಅವಳ ಪ್ರಬಂಧ. ಗುರುತು ಸುಲಭ. ಸಕ್ಕರೆ ಆಗಿದ್ದರೆ ಗಾಜಿನ ನಳಿಕೆಯ ಹಳದಿ ನೀರು ಕಾಯಿಸಿದಾಗ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೊದಲ ವರ್ಷವೆಲ್ಲ ಗಟ್ಟಿ ನಾರಿನ ನಳಿಕೆ ಹಳದಿಯಾಗಿಯೇ ಉಳಿದು ಅವಳನ್ನು ಅಳಿಸಿತ್ತು. ಒಂದು ದಿನ ಕೆಂಪಾಯಿತು. ಆ ದಿನ ಅವಳ ಕೈಹಿಡಿದು ಕುಣಿದವಳು ಪ್ರಯೋಗಾಲಯದ ಪಕ್ಕದ ಮೇಜಿನ ಗೆಳತಿ, ಹೊಸಪೇಟೆಯ ಅರ್ಚಿತಾ. ಡಬ್ಬಿಯ ಪುಳಿಯೋಗರೆಯನ್ನು ಮೊದಲು ರೇಣುಕಾಳಿಗೆ ಬಡಿಸಿ ಆಮೇಲೆ ತಾನು ಉಣ್ಣುವವಳು. ನನಗೂ ಅವಳೆಂದರೆ ಇಷ್ಟವಿತ್ತು, ಸುಳ್ಳೇಕೆ ಹೇಳಲಿ.

ಈ ವರ್ಷ ಪ್ರಬಂಧ ಒಪ್ಪಿಸುವ ಹೊತ್ತಿಗೇ ಅರ್ಚಿತಾ ಅಣ್ಣನ ಮದುವೆಗೆಂದು ರಜೆ ಹಾಕಿ ಹೋದಳು. ಕೊನೆಯ ಸಲ ಪರೀಕ್ಷಿಸಿಬಿಡೋಣ ಎಂದು ರೇಣುಕಾ ಕಿಣ್ವಕ್ಕೆ ಬೆರೆಸುವ ದ್ರಾವಣವನ್ನು ಹೊಸದಾಗಿ ಕಲಸಿದಳು. ಗಟ್ಟಿ ನಾರಿನ ನಳಿಕೆ ಹಳದಿಯಾಗಿಯೇ ಉಳಿಯಿತು. ಮತ್ತೆ ಮಾಡಿದಳು, ಮತ್ತೆ ಹಳದಿ. ಹಳೆಯ ಬಾಟಲಿಯ ತಳದಲ್ಲಿ ಉಳಿದಿದ್ದ ದ್ರಾವಣ ಬಳಸಿದಾಗ ಮಾತ್ರ ಕೆಂಪು. ಹಾಗಾದರೆ ಹಳೆಯದಕ್ಕೆ ಧೂಳು ಬಿದ್ದಿತ್ತೇ ಎಂದಳು. ಗಣಿ ಲಾರಿಗಳ ಧೂಳು ಒಗೆದ ಬಟ್ಟೆಯನ್ನೂ ಬಿಡದ ಊರು ಇದು. "ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಕಾಡಿದೆ. ಅವಳು ನಗಲಿಲ್ಲ.

ಅವಳ ತಮ್ಮ ದುರುಗೇಶ್ ಕುರೆಕುಪ್ಪದ ಹತ್ತಿರ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿದ್ದಾನೆ. ಎರಡೂ ದ್ರಾವಣಗಳನ್ನು ಅವನಿಗೆ ಕಳಿಸಿದಳು. ಭಾನುವಾರ ಅವನೇ ನಮ್ಮ ಕೋಣೆಗೆ ಬಂದ.

"ಅಕ್ಕಾ, ಹೊಸಾದ್ರಾಗ ಏನೂ ಇಲ್ಲ. ಹಳೇದ್ರಾಗ ಮ್ಯಾಂಗನೀಸ್ ಐತಿ."

"ಧೂಳು ಬಿದ್ದಿರಬೇಕು. ಇಲ್ಲಿ ಮಣ್ಣೆಲ್ಲಾ ಅದೇ ಅಲ್ಲೇನು?"

"ಧೂಳಾಗಿದ್ರ ಕಬ್ಬಿಣಾನೂ ಇರಬೇಕಿತ್ತು. ಅದರ ಸುಳಿವೇ ಇಲ್ಲ. ಇದು ಬಿದ್ದದ್ದಲ್ಲಕ್ಕಾ, ಯಾರೋ ಹಾಕಿದ್ದು."

ಅವಳ ಬಾಟಲಿಗಳನ್ನು ಮುಟ್ಟುವವರು ಇಬ್ಬರೇ, ಒಬ್ಬಳು ತಾನೇ. ಮ್ಯಾಂಗನೀಸ್ ಲವಣದ ಡಬ್ಬಿ ಇರುವುದು ಇನ್ನೊಬ್ಬಳ ಕಪಾಟಿನಲ್ಲಿ.

ಎರಡು ದಿನಕ್ಕೆ ಅರ್ಚಿತಾ ಮದುವೆಯ ಚಿರೋಟಿ ಹಿಡಿದು ನಗುನಗುತ್ತಾ ನಮ್ಮ ಕೋಣೆಗೆ ಬಂದಳು.

"ನನ್ನ ಬಾಟ್ಲಿಗೆ ಮ್ಯಾಂಗನೀಸ್ ಹಾಕಿದಾಕಿ ನೀನಾ?" ರೇಣುಕಾ ನೇರ ಕೇಳಿದಳು.

ಅರ್ಚಿತಾ ಬಾಗಿಲಲ್ಲೇ ನಿಂತಳು. "ನೀ ದಿನಾ ಅಳ್ತಿದ್ದಿ ರೇಣು. ನನ್ನ ಕಿಣ್ವಕ್ಕ ಹಾಕಿದ್ರ ಚುರುಕಾಗಿತ್ತು, ನಿನ್ನದಕ್ಕೂ ಒಂದು ಚಿಟಿಕಿ ಹಾಕಿ ನೋಡಿದೆ. ನೀ ಅಷ್ಟು ಖುಷಿ ಆದಿ, ಹೇಳಲಿಕ್ಕೆ ಬಾಯೇ ಬರಲಿಲ್ಲ. ಆಮ್ಯಾಲೆ ನೀ ಹೊಸಾ ಬಾಟ್ಲಿ ಕಲಸಿದಾಗೆಲ್ಲಾ ಹಾಕಬೇಕಾತು. ಪಾಪ ಅನ್ನಿಸ್ತು..."

"ಪಾಪ ಅನ್ನೋರನ್ನ ಹುಟ್ಟಿದಾಗಿಂದ ನೋಡೀನಿ. ನಿನ್ನನ್ನ ಗೆಳತಿ ಅಂದ್ಕೊಂಡಿದ್ದೆ." ರೇಣುಕಾಳ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಹಾಕಿ ಹೇಳಿದ್ರ ಅದೇ ದೊಡ್ಡ ಶೋಧ ಆಗ್ತಿತ್ತು. ಒಂದೇ ಕೆಲಸ ಮಾಡೋ ಕಿಣ್ವಕ್ಕ ಲೋಹ ಬಿದ್ರ ಎರಡನೇ ಕೆಲಸಾನೂ ಬರ್ತೈತಿ ಅಂತ ನಾನೇ ಬರೀತಿದ್ದೆ. ಹೇಳದೇ ಹಾಕಿದಿ. ಈಗ ನಾ ಬರೆದಿದ್ದೆಲ್ಲಾ ಸುಳ್ಳು."

ಅರ್ಚಿತಾ ಅತ್ತಳು. ನನಗೆ ಕನಿಕರ ಬರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕದ್ದವಳನ್ನಾದರೂ ಬೈಯಬಹುದು, ಕದ್ದುಮುಚ್ಚಿ ಕೊಟ್ಟವಳನ್ನು ಏನೆಂದು ಬೈಯುವುದು? ಚಿರೋಟಿ ಡಬ್ಬಿಯನ್ನು ಅವಳ ಕೈಗೇ ವಾಪಸು ಕೊಟ್ಟು ಬಾಗಿಲು ಹಾಕಿದೆ.

ಮರುದಿನ ರೇಣುಕಾ ತಾನೇ ಮಾರ್ಗದರ್ಶಕರಿಗೆ ಎಲ್ಲ ಹೇಳಿ, ಅವರ ಬಳಿಯಿದ್ದ ಪ್ರಬಂಧದ ಕರಡನ್ನು ವಾಪಸು ತಂದಳು. ಈಗ ಮೊದಲಿನಿಂದ ಮಾಡುತ್ತಿದ್ದಾಳೆ. ಲೋಹವಿಲ್ಲದಿದ್ದರೆ ಗಟ್ಟಿ ನಾರಿನ ನಳಿಕೆ ಹಳದಿ. ತಾನೇ ತೂಗಿ ಮ್ಯಾಂಗನೀಸ್ ಹಾಕಿದರೆ ಕೆಂಪು. ತಾಮ್ರ ಹಾಕಿದರೆ ಕಿಣ್ವ ಮೆತ್ತನೆಯ ನಾರನ್ನೂ ಮುಟ್ಟುವುದಿಲ್ಲ. ಇದು ಮೊದಲಿನದಕ್ಕಿಂತ ಒಳ್ಳೆಯ ಪ್ರಬಂಧವಾಗುತ್ತದೆ ಎಂದು ಮಾರ್ಗದರ್ಶಕರು ಹೇಳಿದ್ದಾರಂತೆ. ಅವಳು ಅದನ್ನು ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ.

ಸಂಜೆ ಎಂದಿನಂತೆ ಅವಳ ಮುಂದೆ ಚಹಾ ಇಟ್ಟೆ. ಅವಳು ಲೋಟ ಎತ್ತಿ ಬಾಯಿಯ ಹತ್ತಿರ ತಂದು ನಿಲ್ಲಿಸಿದಳು.

"ರಮಾ, ಇದ್ರಾಗ ಏನೇನ್ ಹಾಕಿದಿ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಹಾಲು, ಸಕ್ಕರೆ, ಚಹಾಪುಡಿ, ಒಂದು ಚೂರು ಶುಂಠಿ ಎಂದು ಹೇಳಿದೆ. ಕೇಳಿಸಿಕೊಂಡು, ಆಮೇಲೆ ಕುಡಿದಳು.