ಅತ್ತೆಯ ತಟ್ಟೆಯ ಬಿಸಿಲು

ಪ್ರವಾಸದ ಹಡಗಿನಲ್ಲಿ ನಮಗೆ ಸಿಕ್ಕಿದ್ದು ರಾತ್ರಿ ಎಂಟರ ಊಟದ ಪಂಕ್ತಿ. ನಮ್ಮ ಅತ್ತೆಯವರದು ಜೈನರ ನೇಮ; ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಟೆಕ್ಸಸ್ಸಿನಲ್ಲಿ, ಫ್ಲವರ್ ಮೌಂಡ್‌ನ ಮನೆಯಲ್ಲಿ, ಚಳಿಗಾಲವಿಡೀ ನಾವು ಆಫೀಸಿನಿಂದ ಬರುವ ಮೊದಲೇ ಒಬ್ಬರೇ ಉಂಡುಬಿಡುತ್ತಾರೆ. ಆಮೇಲೆ ನಮ್ಮ ತಟ್ಟೆಗಳ ಎದುರು ಸುಮ್ಮನೆ ಕೂತಿರುತ್ತಾರೆ.

ನಾರ್ವೆಯ ಈ ಮೇ ತಿಂಗಳಲ್ಲಿ ಮಾತ್ರ ಎಂಟಕ್ಕೂ ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಅಂದರೆ ಫಿಯೋರ್ಡಿನ, ನೀರಿನ ಮೇಲೆ ಬಿಸಿಲಿತ್ತು. ಅತ್ತೆ ನಮ್ಮ ಜೊತೆಗೇ ಕೂತರು. ಮನೆಯಿಂದ ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಎಲ್ಲರಿಗೂ ತಾವೇ ಬಡಿಸಿದರು.

ಎರಡು ತುತ್ತು ಉಂಡಿರಬೇಕು, ಸೂರ್ಯ ಹಿಮದ ಬೆಟ್ಟವೊಂದರ ಹಿಂದೆ ಸರಿದ. ಅತ್ತೆ ಚಮಚ ಕೆಳಗಿಟ್ಟರು.

"ಮುಳುಗಿಲ್ಲ ಅತ್ತೆ, ಬೆಟ್ಟ ಅಡ್ಡ ಬಂದಿದೆ ಅಷ್ಟೇ," ಎಂದೆ.

"ಕಣ್ಣಿಗೆ ಕಾಣವಲ್ದಲ್ಲ. ನೀವು ಉಣ್ರಿ, ನಂದು ಆತು."

ಸುತ್ತಲಿನವರೆಲ್ಲ ಫೋಟೋ ತೆಗೆಯುತ್ತಿದ್ದ ಆ ಬೆಟ್ಟದ ಮೇಲೆ ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ಹಡಗು ತಿರುವಿನಲ್ಲಿ ಹೊರಳಿತು. ಬಿಸಿಲು ನೇರ ಅತ್ತೆಯ ತಟ್ಟೆಗೇ ಬಂದು ಬಿತ್ತು. ಅವರು ಮತ್ತೆ ಚಮಚ ಎತ್ತಿಕೊಂಡರು.

ಬಿಸಿಲು ಅವರ ಕಣ್ಣು ಕುಕ್ಕುತ್ತಿರುವುದನ್ನು ಕಂಡು ವೇಟರ್ ಪರದೆ ಎಳೆಯಲು ಬಂದ. ಮನೆಯಲ್ಲಿ ಅಜ್ಜಿಯ ಕನ್ನಡದ ಮಾತಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಎದ್ದು ಆ ಪರದೆ ಹಿಡಿದುಕೊಂಡಳು.

"ಪ್ಲೀಸ್ ಲೀವ್ ಇಟ್," ಎಂದಳು. "ಅಜ್ಜಿ ಈಸ್ ಈಟಿಂಗ್ ವಿತ್ ಅಸ್."