ಕುಂಬ್ರ ದಾಟುವವರೆಗೆ

ಪುತ್ತೂರಿನಲ್ಲಿ ನಾನು ಪಾಠ ಮಾಡಿದ ಕಾನ್ವೆಂಟ್ ಶಾಲೆಯ ಮಹಡಿಯ ಮೇಲೆ ಒಂದು ಕಂಪ್ಯೂಟರ್ ರೂಮ್ ಇದೆ. ರಿಟೈರ್ ಆದ ಮೇಲೂ ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಹತ್ತನೇ ಕ್ಲಾಸ್ ಮುಗಿಸಿದ ಹುಡುಗಿಯರಿಗೆ ಬೆಳಗ್ಗಿನ ಹೊತ್ತು ಟೈಪಿಂಗ್ ಮತ್ತು ಸ್ಪೋಕನ್ ಇಂಗ್ಲಿಷ್ ಕಲಿಸುವ ಒಂದು ಫ್ರೀ ಕ್ಲಾಸ್. ಅದನ್ನು ಶುರು ಮಾಡಿದವರು ನಾವಿಬ್ಬರು, ನಾನು ಮತ್ತು ನನ್ನ ಜೊತೆ ಮ್ಯಾಥ್ಸ್ ಟೀಚರ್ ಆಗಿದ್ದ ನನ್ನ ಗೆಳತಿ. ಈಗ ನಡೆಸುತ್ತಿರುವುದು ನಾನೊಬ್ಬಳೇ.

ಅವಳು ಮೊಣಕಾಲಿನ ಆಪರೇಶನ್ ಆದ ಮೇಲೆ ಕಡಬದ ಆಚೆ ತಂಗಿಯ ಮನೆಗೆ ಹೋದಳು. ಹೋಗುವಾಗ, "ಸ್ಕೂಲ್ ಓಪನ್ ಆಗುವಾಗ ಬರ್ತೇನೆ, ನನ್ನ ಕಂಪ್ಯೂಟರ್ ಯಾರಿಗೂ ಕೊಡ್ಬೇಡ" ಎಂದಿದ್ದಳು. ಆಮೇಲೆ ಸ್ಕೂಲ್ ಓಪನ್ ಆಗಿದೆ, ಮುಚ್ಚಿದೆ, ಮತ್ತೆ ಓಪನ್ ಆಗಿದೆ. ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ. ಮೊಣಕಾಲು, ಅವಳ ಭಾವನ ರಬ್ಬರ್ ತೋಟ, ತಂಗಿಯ ಅಡುಗೆಗೆ ಉಪ್ಪು ಹೆಚ್ಚಾಗುವುದು, ಎಲ್ಲ ಬರುತ್ತದೆ. ಯಾವಾಗ ಬರುತ್ತೀ ಎಂದು ಮಾತ್ರ ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಕಿಟಕಿ ಬದಿಯ ಅವಳ ಕಂಪ್ಯೂಟರಿಗೆ ಒಂದು ಬಟ್ಟೆ ಹೊದೆಸಿ ಇಟ್ಟಿದ್ದೆ. ಕಣ್ಣಿಗೆ ಸುಲಭವಾಗಲೆಂದು ಅವಳು ಮಾಡಿಕೊಂಡಿದ್ದ ದೊಡ್ಡ ಅಕ್ಷರ, ಹಳದಿ ಬಣ್ಣದ ಸ್ಕ್ರೀನ್, ಎಲ್ಲ ಹಾಗೇ ಇತ್ತು. ವಾರಕ್ಕೊಮ್ಮೆ ಆನ್ ಮಾಡಿ, ಸ್ವಲ್ಪ ಹೊತ್ತು ನೋಡಿ, ಆಫ್ ಮಾಡುತ್ತಿದ್ದೆ.

ಈ ಸಲದ ಬೇಸಿಗೆ ರಜೆಯಲ್ಲಿ ಹಳೆಯ ವಿದ್ಯಾರ್ಥಿನಿಯರು ಸೇರಿ ಶಾಲೆಗೆ ಒಂದು ಸರ್ವರ್ ಕೊಟ್ಟರು. ಅದನ್ನು ಸೆಟ್ ಮಾಡಲು ಬಂದವಳೂ ನಮ್ಮಲ್ಲೇ ಕಲಿತವಳು, ಸುಳ್ಯದವಳು. ಈಗ ಅವಳಿಗೆ ಇಬ್ಬರು ಮಕ್ಕಳು, ನನಗೆ ಮಾತ್ರ ಇನ್ನೂ ಹುಡುಗಿ. ಬಂದವಳೇ ಮನೆಗೆ ಫೋನ್ ಮಾಡಿ ಸುಳ್ಯ ಕಡೆಯ ಅರೆಭಾಷೆಯಲ್ಲಿ ಅತ್ತೆಗೆ ಏನೇನೋ ಹೇಳಿ, ನನ್ನ ಕಡೆ ತಿರುಗಿ ನಕ್ಕಳು.

"ಮಿಸ್, ಇನ್ನು ಒಂದೊಂದೇ ಮೆಷೀನಿಗೆ ಸಿಡಿ ಹಾಕುದು ಎಲ್ಲ ಇಲ್ಲ. ಸರ್ವರಿನಲ್ಲಿ ಒಂದು ಟೂಲ್ ಹಾಕ್ತೇನೆ. ಮೆಷೀನ್ ಆನ್ ಮಾಡಿದ ಕೂಡಲೇ ಅದು ಕೇಬಲಿನಲ್ಲಿ ಕೂಗ್ತದೆ, ನನ್ನ ಜಾಗ ಯಾವುದು ಅಂತ. ಸರ್ವರ್ ಒಂದು ನಂಬರ್ ಕೊಡ್ತದೆ. ಆಮೇಲೆ ಸಿಸ್ಟಮ್ ಪೂರ ಅದೇ ಕಳಿಸ್ತದೆ."

"ಹಳೆಯದು?"

"ಹಳೆಯದೆಲ್ಲ ಕ್ಲೀನ್ ಆಗ್ತದೆ. ಬೇಕಾದ ಫೈಲ್ ಎಲ್ಲ ಪೆನ್‌ಡ್ರೈವಿಗೆ ಹಾಕಿದ್ದೇನೆ, ಹೆದರ್ಬೇಡಿ."

ಟೂಲ್ ಇನ್‌ಸ್ಟಾಲ್ ಆಗುತ್ತಾ ನೆಟ್‌ವರ್ಕ್ ಸೆಟ್ಟಿಂಗ್ಸ್ ಎಂಬ ಪೇಜಿಗೆ ಬಂದು ನಿಂತಿತು. ಮೊದಲು ಸರ್ವರಿಗೊಂದು ಹೆಸರು ಕೇಳಿತು, ಆಮೇಲೆ ಅದರದ್ದೇ ಒಂದು ಖಾಯಂ ಅಡ್ರೆಸ್ ಕೇಳಿತು. ಹೊರಗೆ ಇಂಟರ್‌ನೆಟ್ಟಿಗೆ ಹೋಗುವ ಬಾಗಿಲಿನ ಅಡ್ರೆಸ್ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ. ನೂರ ತೊಂಬತ್ತೆರಡು, ನೂರ ಅರವತ್ತೆಂಟು ಎಂದು ಶುರುವಾಗುವ ಆ ನಂಬರನ್ನು ಗೆಳತಿ ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದಳು. ಮ್ಯಾಥ್ಸಿನಲ್ಲಿ ನಾನು ಯಾವಾಗಲೂ ಹೋಪ್‌ಲೆಸ್. ಆದರೆ ಅವಳ ರಾಗ ಸಮೇತ ಅದು ಬಾಯಿಗೆ ಬಂತು.

ಸ್ವಲ್ಪ ಹೊತ್ತಿನಲ್ಲಿ ಹುಡುಗಿ ತಲೆ ಕೆರೆದುಕೊಂಡಳು. "ಮಿಸ್, ಆ ಮೂಲೆಯ ರೌಟರ್ ಕೂಡ ನಂಬರ್ ಕೊಡ್ತಾ ಉಂಟು. ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್ ಆದ ಹಾಗೆ. ಒಬ್ಬ ಕೊಟ್ಟ ಸೀಟನ್ನೇ ಇನ್ನೊಬ್ಬ ಇನ್ಯಾರಿಗೋ ಕೊಡ್ತಾನೆ. ಒಬ್ಬನನ್ನು ಇಳಿಸ್ಬೇಕು."

ರೌಟರ್ ನಂಬರ್ ಕೊಡುವುದನ್ನು ಅವಳು ಬಂದ್ ಮಾಡಿದಳು. ನನ್ನ ಮನಸ್ಸು ಬಸ್ಸಿನಲ್ಲೇ ಉಳಿಯಿತು.

ಆಗ ಗೆಳತಿಯ ಮನೆ ಜಾಲ್ಸೂರಿನಲ್ಲಿತ್ತು, ನನ್ನದು ಕುಂಬ್ರದಲ್ಲಿ. ಪುತ್ತೂರಿಗೆ ಬರುವ ಬೆಳಗ್ಗಿನ ಬಸ್ಸು ಜಾಲ್ಸೂರಿನಲ್ಲಿ ಅರ್ಧ ಖಾಲಿ ಇರುತ್ತಿತ್ತು, ಕುಂಬ್ರಕ್ಕೆ ಬರುವಾಗ ಕಾಲಿಡಲು ಜಾಗವಿಲ್ಲ. ಅವಳು ಹತ್ತಿದವಳೇ ಪಕ್ಕದ ಸೀಟಿನ ಮೇಲೆ ಕರ್ಚೀಫ್ ಹಾಸುತ್ತಿದ್ದಳು, ನೀಲಿ ಅಂಚಿನದು. ನಡುವೆ ಕಾವು ಸ್ಟಾಪಿನಲ್ಲಿ ಹತ್ತಿದವರು ಗೊಣಗಿದರೆ, "ಟೀಚರ್ ಉಂಟು, ಕುಂಬ್ರದಲ್ಲಿ" ಎನ್ನುವಳು. ಅದಕ್ಕೊಂದು ನಿಯಮವೂ ಇತ್ತು. ಕುಂಬ್ರದಲ್ಲಿ ನಾನು ಕಾಣದಿದ್ದರೆ ಕಂಡಕ್ಟರ್ "ರೈಟ್ ಪೋಯಿ" ಎಂದು ಸೀಟಿ ಊದಿ, "ಟೀಚರೇ, ಕುಂಬ್ರ ದಾಟಿತು, ಕರ್ಚೀಫ್ ತೆಗೀರಿ" ಎನ್ನುತ್ತಿದ್ದ. ಅವಳು ಅದನ್ನು ಮಡಚಿ, ನಿಂತವರಲ್ಲಿ ಮಗು ಎತ್ತಿಕೊಂಡವರನ್ನೋ ವಯಸ್ಸಾದವರನ್ನೋ ಕರೆದು ಕೂರಿಸುವಳು. ಒಮ್ಮೆ ನನಗೆ ಜ್ವರ ಬಂದಿದ್ದಾಗ ಕರ್ಚೀಫ್ ತೆಗೆಯಲು ತಡ ಮಾಡಿ ಕಂಡಕ್ಟರನ ಹತ್ತಿರ ಬೈಸಿಕೊಂಡಳಂತೆ. ಅಷ್ಟು ವರ್ಷ ಬಸ್ಸಿನಲ್ಲಿ ನಾನು ಯಾವತ್ತೂ ಸೀಟು ಹಿಡಿದವಳಲ್ಲ, ನನಗಾಗಿ ಹಿಡಿದಿಟ್ಟ ಸೀಟಿನಲ್ಲಿ ಕೂತವಳು.

"ಮಿಸ್, ಇದು ರೇಂಜ್." ಹುಡುಗಿ ನನ್ನನ್ನು ಕರೆದಳು. "ಈ ನಂಬರಿನಿಂದ ಈ ನಂಬರಿನವರೆಗೆ. ಯಾವ ಮೆಷೀನ್ ಮೊದಲು ಕೇಳ್ತದೋ ಅದಕ್ಕೆ ಖಾಲಿ ಇದ್ದದ್ದು ಸಿಗ್ತದೆ."

"ಎಂದರೆ ಯಾರ ಜಾಗವೂ ಖಾಯಂ ಅಲ್ಲ."

"ಅಲ್ಲ. ಬೇಕಾದ್ರೆ ಒಂದೆರಡನ್ನು ರಿಸರ್ವ್ ಮಾಡ್ಬಹುದು."

"ಹಾಗಾದರೆ ಆ ಕಿಟಕಿ ಬದಿಯದನ್ನು ರಿಸರ್ವ್ ಮಾಡು. ಅದರ ಹಳೆಯ ನಂಬರೇ ಇರಲಿ. ಹೊಸ ಸಿಸ್ಟಮ್ ಹಾಕಬೇಡ."

ಅವಳು ಕುರ್ಚಿ ತಿರುಗಿಸಿದಳು. "ಎಂತಕ್ಕೆ ಮಿಸ್? ಅದರಲ್ಲಿ ಇದ್ದದ್ದು ಬರೀ ಮ್ಯಾಥ್ಸ್ ವರ್ಕ್‌ಶೀಟ್. ಅದನ್ನು ಕೂಡ ತೆಗೆದಿಟ್ಟಿದ್ದೇನೆ."

"ಟೀಚರ್ ಬಂದರೆ ಬೇಕಾಗುತ್ತದೆ."

"ಟೀಚರ್ ಬರ್ತಾರಾ?"

ಅಷ್ಟು ಸಿಂಪಲ್ ಪ್ರಶ್ನೆ. ನಾನು ಕಿಟಕಿ ಬದಿಗೆ ಹೋಗಿ ಬಟ್ಟೆಯ ಅಂಚು ಸರಿ ಮಾಡಿದೆ.

"ರಿಸರ್ವ್ ಮಾಡುದು ಕಷ್ಟ ಅಲ್ಲ ಮಿಸ್," ಅವಳು ಮೆಲ್ಲಗೆ ಹೇಳಿದಳು. "ಆದ್ರೆ ಹಳೆ ಸಿಸ್ಟಮಿನಲ್ಲಿ ಹೊಸ ಕ್ಲಾಸಿನ ಪಾಠ ಓಪನ್ ಆಗುದಿಲ್ಲ. ಈ ಸಲ ಹುಡುಗಿಯರು ಸರಿಯಾಗಿ ಮೆಷೀನಿನಷ್ಟೇ ಉಂಟಲ್ಲ? ಒಂದು ಬಿಟ್ರೆ ಒಬ್ಬಳು ನಿಂತುಕೊಳ್ಳುದು. ನೀವು ಟೀಚರಲ್ಲಿ ಕೇಳಿ ಬನ್ನಿ, ಅಲ್ಲಿವರೆಗೆ ನಾನು ನೆಕ್ಸ್ಟ್ ಒತ್ತುದಿಲ್ಲ."

ಬಟ್ಟೆ ತೆಗೆದು, ಆ ಕಂಪ್ಯೂಟರಿನ ಎದುರು ನಿಂತೇ ಫೋನ್ ಮಾಡಿದೆ. ಆ ಕಡೆ ಗ್ರೈಂಡರ್ ತಿರುಗುವ ಸದ್ದು.

"ಎಂತ, ಇವತ್ತು ಭಾನುವಾರ ಅಲ್ಲವಲ್ಲ?"

"ಅಲ್ಲ. ನಿನ್ನ ಕಂಪ್ಯೂಟರಿನ ಎದುರು ನಿಂತಿದ್ದೇನೆ."

"ಅದಕ್ಕೆ ಇನ್ನೂ ಜೀವ ಉಂಟಾ?"

"ಉಂಟು. ಎಲ್ಲದಕ್ಕೂ ಹೊಸ ಸಿಸ್ಟಮ್ ಹಾಕ್ತಾ ಇದ್ದಾಳೆ, ನಮ್ಮ ಸುಳ್ಯದ ಹುಡುಗಿ."

"ಅವಳಾ? ಸಬ್‌ನೆಟ್ ನಂಬರಿನ ಚುಕ್ಕಿ ಸರಿ ಹಾಕಿದ್ದಾಳಾ ನೋಡು. ಏಳನೇ ಕ್ಲಾಸಿನಲ್ಲಿ ಡೆಸಿಮಲ್ ಪಾಯಿಂಟ್ ತೋಚಿದಲ್ಲಿ ಇಡ್ತಿದ್ದಳು."

ಫೋನ್ ಸ್ಪೀಕರಿನಲ್ಲಿತ್ತು. "ಟೀಚರ್ ಅದನ್ನು ಇನ್ನೂ ಬಿಟ್ಟಿಲ್ಲ" ಎಂದು ಹುಡುಗಿ ಅಲ್ಲಿಂದಲೇ ನಕ್ಕಳು. ನಾನೂ ನಕ್ಕೆ, ಮತ್ತೆ ಸ್ಪೀಕರ್ ಆಫ್ ಮಾಡಿದೆ.

"ನಿನ್ನದನ್ನು ಮುಟ್ಟಬೇಡ ಅಂತ ಹೇಳಿದ್ದೇನೆ. ನೀನು ಬಂದ್ರೆ ಬೇಕಲ್ಲ," ಎಂದೆ. "ಬರ್ತೀಯಲ್ಲ?"

ಅದು ಬಾಯಿಂದ ಹೊರಗೆ ಬಿತ್ತು. ಆ ಕಡೆ ಗ್ರೈಂಡರ್ ನಿಂತಿತು.

"ನಾಲ್ಕು ಮೆಟ್ಟಿಲು ಹತ್ತಿದ್ರೆ ಕೂತುಕೊಳ್ಬೇಕು ನಾನು," ಎಂದಳು. "ನಿನ್ನ ಕಂಪ್ಯೂಟರ್ ರೂಮ್ ಮಹಡಿಯಲ್ಲಿ." ಆಮೇಲೆ ಕೇಳಿದಳು, "ನನ್ನದು ಹಾಗೇ ಇಟ್ರೆ ಯಾರಿಗಾದ್ರೂ ಜಾಗ ಇಲ್ಲದೆ ಆಗ್ತದಾ?"

"ಒಬ್ಬಳಿಗೆ."

"ಹಾಗಾದ್ರೆ ಎಂತ ನೋಡ್ತೀ? ಕುಂಬ್ರ ದಾಟಿ ಎಷ್ಟು ಕಾಲ ಆಯ್ತು ಮಾರಾಯ್ತಿ. ಕರ್ಚೀಫ್ ತೆಗಿ."

ಕೈಯಲ್ಲಿದ್ದ ಬಟ್ಟೆಯನ್ನು ನಾನು ಮಡಚಿದೆ.

"ನೀನು ಈ ಕಡೆ ಬಾ ಒಮ್ಮೆ," ಅವಳೇ ಮುಂದುವರಿಸಿದಳು. "ಕಡಬದಿಂದ ನಮ್ಮಲ್ಲಿಗೆ ಜೀಪೇ ಗತಿ. ಮುಂದಿನ ಸೀಟಿಗೆ ಜಗಳ ಆಗ್ತದೆ. ಡ್ರೈವರ್ ನಮ್ಮ ನೆರೆಯವನು, ಹೇಳಿ ಇಡ್ತೇನೆ."

"ಎಲ್ಲಿವರೆಗೆ ಇಡ್ತಾನೆ?"

"ನೀನು ಬರುವವರೆಗೆ. ಜೀಪಿಗೆ ಕುಂಬ್ರ ಇಲ್ಲ."

ನಾನು ಹುಡುಗಿಯ ಬಳಿಗೆ ಹೋಗಿ, ರಿಸರ್ವ್ ಬೇಡ, ಎಲ್ಲದರ ಹಾಗೆಯೇ ಅದನ್ನೂ ಮಾಡು ಎಂದೆ. ಅವಳು ನೆಕ್ಸ್ಟ್ ಒತ್ತಿದಳು. ಒಂದೊಂದೇ ಕಂಪ್ಯೂಟರ್ ಆನ್ ಮಾಡುತ್ತಾ ಬಂದೆವು. ಕಿಟಕಿ ಬದಿಯದು ಹಳೆಯದಾದ್ದರಿಂದ ಏಳುವುದು ನಿಧಾನ, ಎಲ್ಲಕ್ಕಿಂತ ಕೊನೆಗೆ ಜಾಗ ಕೇಳಿತು. ಕೊನೆಯ ನಂಬರ್ ಸಿಕ್ಕಿತು. ಹಳದಿ ಸ್ಕ್ರೀನ್ ಹೋಗಿ, ಎಲ್ಲದರ ಹಾಗೆ ನೀಲಿಯಾಯಿತು.

ಈಗ ಅಲ್ಲಿ ಕೂರುವವಳು ಬಹಳ ಮಾತಿನ ಹುಡುಗಿ. ಕೀಬೋರ್ಡಿಗೆ ಕುಟ್ಟುತ್ತಾಳೆ, ಬೈದರೆ "ಸಾರಿ ಮಿಸ್" ಎಂದು ಇನ್ನೂ ಜೋರಾಗಿ ಕುಟ್ಟುತ್ತಾಳೆ. ನಾನು ಪಾಠದ ನಡುವೆ ಅಭ್ಯಾಸಬಲದಿಂದ ಆ ಕಡೆ ನೋಡುತ್ತೇನೆ.

ಕಡಬಕ್ಕೆ ಆಲಂಕಾರು ದಾರಿಯಾಗಿ ಹೋಗುವ ಬಸ್ಸು ಯಾವುದೆಂದು ಸ್ಟ್ಯಾಂಡಿನಲ್ಲಿ ಕೇಳಿ ಬಂದಿದ್ದೇನೆ. ಜೀಪು ಹೊರಡುವ ಹೊತ್ತನ್ನು ಅವಳು ಪ್ರತಿ ಭಾನುವಾರ ಹೇಳುತ್ತಾಳೆ. ಮಳೆ ನಿಲ್ಲಲಿ ಎನ್ನುತ್ತೇನೆ ನಾನು. ಮೊಣಕಾಲು ನನಗೂ ಇದೆಯಲ್ಲ.